ಆಪರೇಷನ್‌ಗೆ ಮುಂಚೆ ಐಸಮ್ಮ ಕೇಳಿದ್ದು

ಜಪಮಣಿಗಳ ಟಿಕ್ ಟಿಕ್ ಸದ್ದು ಈಗಲೂ ಕಿವಿಯಲ್ಲಿದೆ. ಪುತ್ತೂರಿನ ಕಣ್ಣಾಸ್ಪತ್ರೆಯಲ್ಲಿ ಡ್ರಾಪ್ಸ್ ಹಾಕಿಸಿಕೊಂಡು ಕ್ಯಾಟರಾಕ್ಟ್ ಆಪರೇಷನ್‌ಗೆ ಕಾದಿದ್ದೆವು. ಪಕ್ಕದಲ್ಲಿ ಜಪಮಣಿ ಎಣಿಸುತ್ತಿದ್ದ ಪೆರಾಬೆಯ ಐಸಮ್ಮ ಡಾಕ್ಟರರನ್ನು ಕೇಳಿದರು: “ಕಣ್ಣು ಎಷ್ಟು ಕೊಯ್ಯುದು? ನನ್ನ ಹೆತ್ತ ಉಮ್ಮನಿಗೆ ಹೊಲಿಗೆ ಹಾಕಿ, ತುಂಬಾ ದಿನ ತಲೆ ಬಗ್ಗಿಸ್ಲಿಕ್ಕೆ ಬಿಡ್ಲಿಲ್ಲ. ನೆಲಕ್ಕೆ ಹಣೆ ತಾಗಿಸದಿದ್ರೆ ಎಂತ ನಮಾಜು?”

“ಹೊಲಿಗೆ ಬೇಡ ಮಾರಾಯ್ರೆ. ಲೆನ್ಸ್ ಮಡಚಿ ಸಣ್ಣ ತೂತಿನಲ್ಲಿ ಹಾಕುದು, ಒಳಗೆ ಅದೇ ಬಿಡಿಸಿಕೊಳ್ತದೆ. ನಾನು ಹೇಳುವವರೆಗೆ ಕುರ್ಚಿಯಲ್ಲೇ ಕೂತು ಮಾಡಿ.”

“ಹೇಳ್ಲಿಕ್ಕೆ ನೀವು ಮರೀಬೇಡಿ ಮತ್ತೆ.”

ಕಾನ್ವೆಂಟಿನಲ್ಲಿ ಮಂಡಿಯೂರಿ ಪ್ರೇಯರ್ ಕಲಿತ ನನಗೆ ಅವರ ಚಿಂತೆ ಅರ್ಥವಾಯಿತು.

ಅವರನ್ನು ಕೊನೆಯ ಸಲ ಕಂಡದ್ದು ಚೆಕಪ್ ದಿನ. ಬಗ್ಗಲು ಡಾಕ್ಟರರ ಪರ್ಮಿಷನ್ ಸಿಕ್ಕಿದ್ದೇ ಕಾರಿಡಾರಿನ ಮೂಲೆಯಲ್ಲಿ ಶಾಲು ಹಾಸಿ, ನಿಧಾನವಾಗಿ ಬಾಗಿ ಹಣೆಯನ್ನು ನೆಲಕ್ಕಿಟ್ಟರು. ಒಳಗಿಂದ ನನ್ನ ಹೆಸರು ಕರೆದಾಗಲೂ ಅವರಿನ್ನೂ ಎದ್ದಿರಲಿಲ್ಲ.