ಟಣ್ ಎನ್ನುತ್ತಿದ್ದ ಕಾರು, ತಂಗಿಯ ಸೀಟು

ಚಿಕ್ಕಂದಿನಲ್ಲಿ ನನ್ನ ತಂಗಿಗೆ ಬಸ್ಸು, ಕಾರು ಏನೇ ಹತ್ತಿದರೂ ವಾಂತಿ ಬರುತ್ತಿತ್ತು. ಹಾಗಾಗಿ ಅಪ್ಪ ಸೆಕೆಂಡ್‌ಹ್ಯಾಂಡ್ ಕಾರು ತಂದ ದಿನವೇ ಮುಂದಿನ ಸೀಟು ಅವಳದಾಯಿತು. ನಿಂಬೆಹಣ್ಣು ಮೂಸುತ್ತಾ ಮಹಾರಾಣಿಯಂತೆ ಕೂರುತ್ತಿದ್ದಳು. ಹೈಸ್ಕೂಲು ಮುಗಿಸುವಷ್ಟರಲ್ಲಿ ವಾಂತಿ ನಿಂತಿತು, ನಿಂಬೆಹಣ್ಣೂ ಹೋಯಿತು, ಸೀಟು ಮಾತ್ರ ಅವಳ ಹೆಸರಿಗೇ ಉಳಿಯಿತು. ನನಗೆ ಜನ್ಮದಲ್ಲಿ ಒಮ್ಮೆಯೂ ಕಾರಿನಲ್ಲಿ ವಾಂತಿ ಬಂದಿಲ್ಲ. ಅದಕ್ಕೆ ಸಿಕ್ಕ ಬಹುಮಾನವೆಂದರೆ ಹಿಂದಿನ ಸೀಟು, ಅಮ್ಮನ ಪಕ್ಕ, ತೊಡೆಯ ಮೇಲೆ ತಿಂಡಿ ಡಬ್ಬಿಗಳ ಚೀಲ.

ಸುಳ್ಳೇಕೆ ಹೇಳಲಿ, ಹೊಟ್ಟೆ ಉರಿಯುತ್ತಿತ್ತು. ಅಪ್ಪ ಗೇರ್ ಬದಲಾಯಿಸುವುದನ್ನು ಅವಳಿಗೆ ವಿವರಿಸುತ್ತಿದ್ದರು, ಅವಳು ಎಫ್‌ಎಂ ತಿರುಗಿಸುತ್ತಿದ್ದಳು, ಇಬ್ಬರೂ ಏನೋ ಹೇಳಿಕೊಂಡು ನಗುತ್ತಿದ್ದರು. ನಾನು ಮುಂದಕ್ಕೆ ಬಾಗಿ ಏನೆಂದು ಕೇಳಿದರೆ, "ಏನಿಲ್ಲ ಕಣೇ" ಅನ್ನುವುದು ಅಪ್ಪನ ಉತ್ತರ. ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರಿದ್ದ ದೊಡ್ಡ ಹುಡುಗಿ ನಾನು, ಮುಂದಿನ ಸೀಟು ಬೇಕೆಂದು ಬಾಯಿಬಿಟ್ಟು ಕೇಳಿದರೆ ನಗೆಪಾಟಲು. ಅಪ್ಪನೇ ಒಂದು ಸಲ ಕರೆಯಲಿ ಎಂದು ಕಾಯುತ್ತಿದ್ದೆ.

ನನಗಿದ್ದ ಕೆಲಸ ಕಾರಿನ ಹೊರಗೆ. ಮೆಟ್ರೊ ಕಂಬಗಳು ಇನ್ನೂ ಏಳದಿದ್ದ ವಿಜಯನಗರದಲ್ಲಿ ನಮ್ಮ ಅಡ್ಡರಸ್ತೆ ಎಷ್ಟು ಇಕ್ಕಟ್ಟಾಗಿತ್ತೆಂದರೆ, ಗೇಟಿನಿಂದ ಕಾರು ರಿವರ್ಸಿನಲ್ಲಿ ಈಚೆ ಬರಲು ಅಪ್ಪ ನಿಂತಲ್ಲೇ ಸ್ಟೇರಿಂಗನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಪೂರ್ತಿ ತಿರುಗಿಸಬೇಕಿತ್ತು. ಎದುರು ಮನೆಯವರ ಸ್ಕೂಟರಿಗೆ ತಾಗಬಾರದು, ಅಮ್ಮನ ರಂಗೋಲಿಯ ಮೇಲೆ ಚಕ್ರ ಹೋಗಬಾರದು. ನಾನು ರಸ್ತೆಯಲ್ಲಿ ನಿಂತು, "ಬರ್ಲಿ, ಬರ್ಲಿ, ರೈಟ್‌ಗೆ ಕಟ್ ಮಾಡಿ, ಸ್ಟಾಪ್" ಎಂದು ಕೂಗಬೇಕು. ಆ ಹೊತ್ತಿಗೆ ಒಳಗೆ ಕೂತ ತಂಗಿ ಕನ್ನಡಿ ನೋಡಿಕೊಂಡು ಕೂದಲು ಸರಿಮಾಡಿಕೊಳ್ಳುತ್ತಿರುತ್ತಿದ್ದಳು.

ಆ ವರ್ಷ ಕಾರಿನ ಮುಂಭಾಗದಲ್ಲಿ ಸದ್ದು ಶುರುವಾಯಿತು. ಹಂಪ್ ಹತ್ತಿದರೆ ಟಕ್, ಗುಂಡಿಗೆ ಇಳಿದರೆ ಟಕ್ ಟಕ್. ಕೆಂಗೇರಿಯ ಅತ್ತೆಯ ಮನೆಗೆ ಹೋಗಿಬರುವಷ್ಟರಲ್ಲಿ ತಲೆ ಚಿಟ್ಟುಹಿಡಿಯುತ್ತಿತ್ತು. ಅಪ್ಪ ಕೇಳಿದ್ದು ಯಾರನ್ನು? ಪಕ್ಕದಲ್ಲಿದ್ದವಳನ್ನು. "ಕೆಳಗಡೆಯಿಂದ ಬರ್ತಿದೆ ಅಪ್ಪ, ನನ್ ಕಾಲ ಹತ್ರ," ಎಂದಳು. ಅವಳು ಹೇಳಿದ್ದೇ ವೇದವಾಕ್ಯ. ಮೂಡಲಪಾಳ್ಯದ ಗ್ಯಾರೇಜಿನಲ್ಲಿ ಕೆಳಗಿನ ರಬ್ಬರ್ ಬುಷ್‌ಗಳನ್ನೆಲ್ಲ ಬದಲಾಯಿಸಿದ್ದಾಯಿತು. ಸದ್ದು ಹಾಗೇ ಇತ್ತು.

ನನಗೆ ಬೇರೊಂದು ಸದ್ದು ಕೇಳಿಸುತ್ತಿತ್ತು. ನಿಂತ ಕಾರಿನ ಸ್ಟೇರಿಂಗ್ ತಿರುಗಿದಾಗಲೆಲ್ಲ ಮುಂದಿನ ಚಕ್ರದ ಮೇಲುಗಡೆ, ದೊಡ್ಡ ಸ್ಪ್ರಿಂಗೊಂದು ಸಿಕ್ಕಿಕೊಂಡು ಬಿಟ್ಟ ಹಾಗೆ, ಟಣ್ ಎನ್ನುತ್ತಿತ್ತು. ಕಿಟಕಿ ಏರಿಸಿ ಎಫ್‌ಎಂ ಹಾಕಿಕೊಂಡವರಿಗೆ ಅದು ಕೇಳಿಸುವುದಾದರೂ ಹೇಗೆ? ಮೆಕ್ಯಾನಿಕ್ ಕೂಡ ರಸ್ತೆಯಲ್ಲಿ ಓಡಿಸಿ ನೋಡಿದ್ದನೇ ಹೊರತು ನಿಲ್ಲಿಸಿ ತಿರುಗಿಸಿ ನೋಡಿರಲಿಲ್ಲ.

"ಸದ್ದು ಮೇಲ್ಗಡೆಯಿಂದ ಬರ್ತಿದೆ ಅಪ್ಪ," ಎಂದೆ.

"ನೀನು ಹೊರಗಡೆ ನಿಂತಿರ್ತೀಯ, ನಿಂಗೇನ್ ಗೊತ್ತಾಗುತ್ತೆ ಬಿಡೇ," ಎಂದರು.

ನನಗೆ ರೇಗಿಹೋಯಿತು. ಮುಂದಿನ ಭಾನುವಾರ ಬೆಳಿಗ್ಗೆ ಕಾರಿನ ಮುಂದೆ ನಿಂತು, "ಇಳೀರಿ, ಬಾನೆಟ್ ತೆಗೀರಿ," ಎಂದು ಹಟ ಹಿಡಿದೆ. ತಂಗಿಯನ್ನು ಡ್ರೈವರ್ ಸೀಟಿಗೆ ಕಳಿಸಿ, "ನಾನು ಹೇಳೋವರ್ಗೂ ಸ್ಟೇರಿಂಗ್ ತಿರುಗಿಸ್ತಾ ಇರು," ಎಂದು ಅಪ್ಪಣೆ ಕೊಟ್ಟೆ.

"ಗಟ್ಟಿ ಇದೆ ಅಕ್ಕ, ಕೈ ನೋಯುತ್ತೆ."

"ನೋಯ್ಲಿ, ತಿರುಗ್ಸು."

ಅವಳಿಗೆ ಅಪ್ಪಣೆ ಕೊಡುವ ಸುಖವೇ ಬೇರೆ. ಬಾನೆಟ್ಟಿನೊಳಗೆ, ಚಕ್ರಕ್ಕೆ ನೇರ ಮೇಲೆ, ಬಟ್ಟಲು ಮಗುಚಿಟ್ಟಂಥ ಜಾಗವೊಂದಿದೆ. ಅದರ ನಡುವಿನ ರಬ್ಬರಿನ ಮೇಲೆ ಅಂಗೈ ಇಟ್ಟೆ. ಸ್ಟೇರಿಂಗ್ ತಿರುಗಿದಂತೆ ಅದು ಕೈಯಡಿ ತಡೆತಡೆದು, ಟಣ್ಣೆಂದು ನೆಗೆಯಿತು. ಅಪ್ಪನ ಕೈ ಎಳೆದು ಅಲ್ಲಿಟ್ಟೆ. ಮತ್ತೆ ಟಣ್. ಅಪ್ಪ ನನ್ನ ಮುಖ ನೋಡಿ, "ಹೌದಲ್ವೇ!" ಎಂದರು. ನಾನು ಉಬ್ಬಿಹೋದೆ.

ಆವತ್ತೇ ಗ್ಯಾರೇಜಿಗೆ ಹೋದೆವು. ಮೆಕ್ಯಾನಿಕ್ ಕೈಯಿಟ್ಟು ನೋಡಿ, "ಮೌಂಟಿಂಗ್ ಹೋಗಿದೆ ಸಾರ್. ಎರಡೂ ಕಡೆ ಹಾಕ್ಬಿಡೋಣ, ಒಂದೇ ಹಾಕಿದ್ರೆ ಆಮೇಲೆ ಆ ಕಡೆ ಶುರುವಾಗುತ್ತೆ," ಎಂದ. ಮುಂಭಾಗದ ಭಾರವೆಲ್ಲ ಸ್ಪ್ರಿಂಗಿನ ಮೇಲೆ, ಸ್ಪ್ರಿಂಗಿನ ನೆತ್ತಿಯ ಮೇಲೆ ಈ ಮೌಂಟಿಂಗ್. ಅದರ ರಬ್ಬರು ರಸ್ತೆಯ ಏಟು ತಿನ್ನುತ್ತದೆ, ಒಳಗಿನ ಬೇರಿಂಗು ಚಕ್ರದ ಜೊತೆ ಸ್ಪ್ರಿಂಗು ಸಲೀಸಾಗಿ ತಿರುಗಲು ಬಿಡುತ್ತದೆ. ನಮ್ಮ ಕಾರಿನದರಲ್ಲಿ ರಬ್ಬರು ಬಿಟ್ಟುಕೊಂಡು, ಬೇರಿಂಗು ತುಕ್ಕು ಹಿಡಿದಿತ್ತು. ಎಲ್ಲರ ಏಟನ್ನೂ ತಿಂದು ಸವೆದು ಹೋಗಿದ್ದರೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನನಗೆ ಅದರ ಮೇಲೆ ಪ್ರೀತಿಯೇ ಬಂತು.

ಮೆಕ್ಯಾನಿಕ್ ಸ್ಪ್ರಿಂಗನ್ನು ಕ್ಲ್ಯಾಂಪು ಹಾಕಿ ಬಿಗಿದು, ಮೇಲಿನ ನಟ್ಟು ಬಿಚ್ಚುವ ಮೊದಲು, "ದೂರ ನಿಂತ್ಕೊಳಿ, ಚಿಮ್ಮಿದ್ರೆ ಕಷ್ಟ," ಎಂದ. ಅಪ್ಪ ಥಟ್ಟನೆ ತಂಗಿಯ ತೋಳು ಹಿಡಿದು ಹಿಂದಕ್ಕೆಳೆದುಕೊಂಡರು. ಸ್ಪ್ರಿಂಗಿಗೆ ಹತ್ತಿರವಿದ್ದವಳು ನಾನು. ನನ್ನ ಪಾಡಿಗೆ ನಾನು ಹಿಂದೆ ಸರಿದೆ.

ಹೊಸ ಮೌಂಟಿಂಗ್‌ಗಳನ್ನು ಕೂರಿಸಿ ಮುಗಿಸುವವರೆಗೂ ನನಗೆ ಒಂದೇ ಆಸೆ. ಕಂಡುಹಿಡಿದವಳು ನಾನು, ಇವತ್ತಾದರೂ ಅಪ್ಪ ಮುಂದೆ ಕೂರು ಎನ್ನುತ್ತಾರೆ. ಮುಂದಿನ ಬಾಗಿಲ ಹಿಡಿಯ ಮೇಲೆ ಕೈ ಕೂಡ ಇಟ್ಟಿದ್ದೆ. ಅಪ್ಪ ಮೆಕ್ಯಾನಿಕ್ಕಿಗೆ ಹೆಮ್ಮೆಯಿಂದ, "ನಮ್ ದೊಡ್ಡವಳ ಕಿವಿ ಭಾಳ ಚುರುಕು ಕಣಪ್ಪ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನೀನು ಹೊರಗಡೇನೇ ನಿಂತು ಕೇಳಮ್ಮ, ಸದ್ದು ಹೋಯ್ತಾ ನೋಡು. ಇನ್ಮೇಲೆ ಇದು ನಿನ್ ಡ್ಯೂಟಿ," ಎಂದರು. ತಂಗಿ, "ಸ್ವಲ್ಪ ಜರುಗು ಅಕ್ಕ," ಎಂದು ಬಾಗಿಲು ತೆಗೆದು ಕೂತಳು. ಅಪ್ಪ ಸ್ಟೇರಿಂಗ್ ತಿರುಗಿಸಿದರು. ಸದ್ದು ಹೋಗಿತ್ತು. ಹೋಗಿದೆ ಎಂದು ಹೇಳಿ ಹಿಂದೆ ಹತ್ತಿದೆ.

ಮನೆ ಮುಟ್ಟಿದಾಗ ಯಾರೂ ಹೇಳುವ ಮೊದಲೇ ಇಳಿದು ಗೇಟು ತೆಗೆದೆ. "ಬರ್ಲಿ, ಬರ್ಲಿ," ಎಂದೆ. ಅಪ್ಪ ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದರು. ಒಂದೇ ಒಂದು ಟಣ್ ಬರಲಿ ಎಂದು ಕಿವಿಗೊಟ್ಟು ನಿಂತೆ. ಬರಲಿಲ್ಲ. ಒಳಗೆ ಅವರಿಬ್ಬರೂ ಏನೋ ಹೇಳಿಕೊಂಡು ನಗುತ್ತಿದ್ದದ್ದು ಮಾತ್ರ ಈಗ ಚೆನ್ನಾಗಿ ಕೇಳಿಸುತ್ತಿತ್ತು.