ಎರಡು ಭಾನುವಾರ ಹಾಕ್ಬೇಡಿ

ಆನ್‌ಲೈನಲ್ಲಿ ಪ್ರತಿ ಭಾನುವಾರ ಒಂದು ಪತ್ರ ಬರೀತೀನಿ. ಸಬ್‌ಸ್ಕ್ರೈಬ್ ಮಾಡಿದವರಿಗೆ ಅದು ಇಮೇಲಲ್ಲಿ ಹೋಗುತ್ತೆ. ಬರೀ ಫಾಲೋ ಮಾಡಿದವರಿಗೆ ಆ್ಯಪ್ ತೆಗೆದಾಗ ಕಂಡರೆ ಕಂಡೀತು, ಇಲ್ಲದಿದ್ದರೆ ಇಲ್ಲ. ಬರೆದೂ ಬರೆದೂ ನನಗಂತೂ ಸಾಕಾಗಿಹೋಗಿತ್ತು.

ಒಂದು ಬೆಳಿಗ್ಗೆ ಜಯನಗರದ ಪಾರ್ಕಲ್ಲಿ ಮಂಕಿ ಕ್ಯಾಪ್ ಹಾಕಿದ್ದ ಹಿರಿಯರೊಬ್ಬರು ಅಡ್ಡ ನಿಂತರು.

"ಪತ್ರ ಬರಿಯೋರು ನೀವೇ ಅಲ್ವಾ? ಫೋಟೋ ನೋಡಿದೀನಿ. ನಾವು ಕಾಶಿಗೆ ಹೊರಟಿದೀವಿ, ಎರಡು ಭಾನುವಾರ ಹಾಕ್ಬೇಡಿ."

ಥೇಟ್ ಪೇಪರ್‌ನವನಿಗೆ ಹೇಳೋ ಹಾಗೆ.

"ಸಾರ್, ಅದು ಇಮೇಲು. ಬಾಗಿಲಲ್ಲಿ ಬಿದ್ದಿರಲ್ಲ."

"ಬಂದ್ಮೇಲೆ ಅಷ್ಟೂ ಓದ್ಬೇಕಲ್ರೀ?"

"ಹಾಗಾದ್ರೆ ಸಬ್‌ಸ್ಕ್ರೈಬ್ ತೆಗೆದು ಫಾಲೋ ಮಾತ್ರ ಇಟ್ಕೊಳ್ಳಿ. ಬೇಕಾದಾಗ ನೋಡ್ಬಹುದು."

ಅವರು ಹುಬ್ಬು ಗಂಟಿಕ್ಕಿದರು. "ಪಕ್ಕದ್ಮನೆ ಪೇಪರ್ ಇಣುಕಿ ನೋಡೋ ಜನ ಅಲ್ಲ ನಾವು."

ವಾದ ಮಾಡೋ ಶಕ್ತಿ ಇರಲಿಲ್ಲ. "ಆಯ್ತು ಸಾರ್, ಹಾಕಲ್ಲ" ಅಂದೆ. ನಿಜಕ್ಕೂ ಎರಡು ವಾರ ಯಾರಿಗೂ ಬರೆಯಲಿಲ್ಲ. ಫಾಲೋ ಮಾಡೋ ಸಾವಿರದ ಚಿಲ್ಲರೆ ಜನರಲ್ಲಿ ಒಬ್ಬರೂ ಯಾಕೆ ಅಂತ ಕೇಳಲಿಲ್ಲ.

ಮೂರನೇ ಶನಿವಾರ ಅವರದೇ ಇಮೇಲ್ ಬಂತು: "ಊರಿಗೆ ಬಂದ್ವಿ. ನಾಳೆಯಿಂದ ಹಾಕಿ."

ಕಾಶಿಯಲ್ಲಿ ಇನ್ನೊಂದು ವಾರ ಇರಬಾರದಿತ್ತಾ ಈ ಮನುಷ್ಯ ಅಂತ ಗೊಣಗಿಕೊಂಡೇ ಬರೆಯೋಕೆ ಕೂತೆ.