ಚಿಕ್ಕವ್ವನಿಗೆ ಬಡಿಯದ ತಮಟೆ

ತಮಟೆ ಕಾಯಿಸುವುದಕ್ಕೆ ಒಂದು ಹಿಡಿ ಒಣಹುಲ್ಲು ಸಾಕು; ಉರಿಗೆ ಹಿಡಿದರೆ ಚರ್ಮ ಬಿಗಿದು ನಾದ ತಾನಾಗಿ ಏಳುತ್ತದೆ. ಅದನ್ನು ಹಿಡಿಯುವ ಮನುಷ್ಯನನ್ನು ಒಪ್ಪಿಸುವುದಿದೆಯಲ್ಲ, ಅದರ ಕಷ್ಟ ನನ್ನನ್ನು ಕೇಳಿ ಸ್ವಾಮಿ.

ಮಳವಳ್ಳಿ ಕಡೆಯ ನಮ್ಮೂರಲ್ಲಿ ಒಂದು ಪುಟ್ಟ ಬುದ್ಧವಿಹಾರವಿದೆ. ಅಲ್ಲಿನ ಭಿಕ್ಷು, ನಮ್ಮೆಲ್ಲರ ಭಂತೇಜಿ, ಉಪನ್ಯಾಸಕ್ಕೆ ಜನ ಆಕಳಿಸುವುದನ್ನು ಬಲ್ಲವರಾದ್ದರಿಂದ ಹಾಡು, ಕೋಲಾಟ, ಗೋಡೆಯ ಚಿತ್ರಗಳಲ್ಲೇ ಧಮ್ಮ ಹೇಳುತ್ತಾರೆ. ಗುತ್ತಲಿನಲ್ಲಿ ಮನೆ ಮಾಡಿಕೊಂಡಿರುವ ಟೀಚರಮ್ಮನಾದ ನಾನು ಭಾನುವಾರ ಬಸ್ಸು ಹತ್ತಿ ಹೋಗಿ ನಾಟಕ ಕಲಿಸುತ್ತೇನೆ. ಈ ಸಲದ ಬುದ್ಧಪೂರ್ಣಿಮೆಗೆ, ಸತ್ತ ಮಗುವಿಗೆ ಮದ್ದು ಕೇಳಿದ ತಾಯಿಯನ್ನು ಬುದ್ಧ ‘ಸಾವಿಲ್ಲದ ಮನೆಯಿಂದ ಸಾಸಿವೆ ತಾ’ ಎಂದು ಕಳಿಸಿದ ಕಥೆ. ಊರಿನ ಬೀದಿಯೇ ರಂಗ, ನಿಜವಾದ ಬಾಗಿಲುಗಳಲ್ಲೇ ಬೇಡಿಕೆ. ತಂಡದ ಮುಂದೆ ತಮಟೆ ಬೇಕಿತ್ತು.

ತಮಟೆಯೆಂದರೆ ನಮ್ಮ ಚಿಕ್ಕಪ್ಪ. ಊರವರ ಹೆಣದ ಮುಂದೆ ಬಡಿಯುವುದು ನಮ್ಮ ಕೇರಿಗೆ ಕಟ್ಟಿದ್ದ ಚಾಕರಿ, ಒಲ್ಲೆ ಎನ್ನುವಂತಿರಲಿಲ್ಲ. ಧಮ್ಮದೀಕ್ಷೆ ಪಡೆದ ದಿನ ಚಿಕ್ಕಪ್ಪ ಅದನ್ನು ಅಟ್ಟಕ್ಕೆಸೆದು, ಇನ್ನು ಮುಟ್ಟುವುದಿಲ್ಲ ಎಂದ. ಮರುವರ್ಷ ಚಿಕ್ಕವ್ವ ತೀರಿಕೊಂಡಾಗಲೂ ಮುಟ್ಟಲಿಲ್ಲ, ಬೇರೆಯವರನ್ನೂ ಕರೆಸಲಿಲ್ಲ. ಊರಿಗೆಲ್ಲ ಬಡಿದವನ ಹೆಂಡತಿ ಸದ್ದಿಲ್ಲದೆ ಮಣ್ಣಿಗೆ ಹೋದಳು.

ಇಷ್ಟೆಲ್ಲ ಗೊತ್ತಿದ್ದೂ ನಾನು, ಮಹಾ ಬುದ್ಧಿವಂತೆ, “ಇದು ಕಲೆ ಚಿಕ್ಕಪ್ಪ, ಚಾಕ್ರಿ ಅಲ್ಲ” ಎಂದು ಪಾಠ ಮಾಡಿದೆ.

“ನಂಗೇ ಯೋಳಾಕ್ ಬಂದ್ಯೇನಮ್ಮಿ? ಓಗತ್ಲಾಗೆ!”

ನಾಚಿಕೆಯಾಯಿತು. ಕೈಗೆ ಬಂದ ವಿದ್ಯೆಯೇ ಕೊರಳಿಗೆ ನೊಗವಾದದ್ದನ್ನು ಕಷ್ಟಪಟ್ಟು ಕಳಚಿದವನ ಎದುರು, ‘ಕಲೆ’ ಎಂಬ ಎರಡಕ್ಷರದಿಂದ ಎಲ್ಲವನ್ನೂ ಒರೆಸಿಬಿಡಲು ಹೊರಟಿದ್ದೆನಲ್ಲ! ಮತ್ತೆ ಕೇಳುವ ಧೈರ್ಯ ಬರಲಿಲ್ಲ.

ಪೂರ್ಣಿಮೆಯ ಬೆಳಿಗ್ಗೆ ನೋಡಿದರೆ ವಿಹಾರದ ಅಂಗಳದಲ್ಲಿ ಚಿಕ್ಕಪ್ಪ ಹುಲ್ಲು ಉರಿಸಿ ತಮಟೆ ಕಾಯಿಸುತ್ತಿದ್ದಾನೆ!

“ಸಾವಾಗ್ದಿರೋ ಮನೆ ಉಡುಕ್ತೀರಂತೆ. ಯಾವ್ ಮನೇಲಿ ಯಾವಾಗ ಸಾವಾಯ್ತು ಅಂತ ಈ ಊರ್ನಾಗೆ ನನ್ಗಿಂತ ಗೊತ್ತಿರೋರು ಯಾರವ್ರೆ? ನಡೀರಿ,” ಎಂದ.

ಹೊರಟೆವು. ದೊಡ್ಡ ಗೌಡರ ಮನೆಯ ಅಜ್ಜಿ, ನಾಟಕವೆಂಬುದನ್ನೇ ಮರೆತು, “ನಮ್ ಯಜಮಾನ್ರೇ ಓಗ್ಬುಟ್ರಲ್ಲವ್ವ, ಸಾಸ್ವೆ ಎಂಗ್ ಕೊಡ್ಲಿ?” ಎಂದು ಅತ್ತುಬಿಟ್ಟಳು. ಆ ಯಜಮಾನರ ಹೆಣದ ಮುಂದೆ ಅರ್ಧ ದಿನ ಬಿಸಿಲಲ್ಲಿ ಬಡಿದಿದ್ದ ಚಿಕ್ಕಪ್ಪ ತಲೆ ತಗ್ಗಿಸಿ ಪೆಟ್ಟನ್ನು ಸಣ್ಣದು ಮಾಡಿದ.

ಕೊನೆಗೆ ನಮ್ಮ ಕೇರಿ. ಬೀಗ ಹಾಕಿದ ಮನೆ ಬಿಟ್ಟುಬಿಡು ಎಂದು ಹೇಳಿಕೊಟ್ಟಿದ್ದರೂ, ತಾಯಿಯ ವೇಷದ ಹುಡುಗಿ ಪಾತ್ರದ ಗುಂಗಿನಲ್ಲಿ ಚಿಕ್ಕಪ್ಪನ ಬಾಗಿಲಲ್ಲೇ ನಿಂತು ಸೆರಗೊಡ್ಡಿದಳು: “ಈ ಮನೇಲಿ ಯಾರಾದ್ರೂ ಸತ್ತವ್ರಾ?” ಒಳಗೆ ಯಾರೂ ಇಲ್ಲ, ಮನೆಯವನು ಬೀದಿಯಲ್ಲಿ ತಮಟೆ ಹಿಡಿದು ನಿಂತಿದ್ದಾನೆ.

“ಊಂ ಕಣವ್ವ, ನನ್ನೆಂಡ್ತಿ,” ಎಂದ ಚಿಕ್ಕಪ್ಪ. “ಅವಳ್ಗೆ ಒಂದೇಟೂ ಬಡೀಲಿಲ್ಲ ನಾನು.”

ಆಮೇಲೆ ಮುಚ್ಚಿದ ಬಾಗಿಲಿಗೆ ಎದುರಾಗಿ ನಿಂತು ಬಡಿಯತೊಡಗಿದ. ನಾಟಕ ಅಲ್ಲಿಗೇ ನಿಂತಿತು. ಭಂತೇಜಿ ಮಣ್ಣಿನ ಮೇಲೆ ಕುಳಿತರು, ನಾವೂ ಕುಳಿತೆವು. ಅವನು ತಾನಾಗಿ ನಿಲ್ಲಿಸುವವರೆಗೆ ಯಾರೂ ಏಳಲಿಲ್ಲ.